ಫೈಬರ್‌ಗ್ಲಾಸ್ ರೇಸಿಂಗ್ ದೋಣಿ: ಆರ್ಡರ್ ಕೊಡುವ ದಿನದಿಂದ ನೀರಿಗೆ ಬಿಡುವ ದಿನದವರೆಗೆ

ದಡದಲ್ಲಿ ನಿಂತು ರಿಮೋಟಿನಲ್ಲಿ ಓಡಿಸುವ ಪುಟ್ಟ ರೇಸಿಂಗ್ ದೋಣಿಗಳು ನನ್ನ ಹವ್ಯಾಸ. ನನ್ನ ಮೊದಲ ಫೈಬರ್ ದೋಣಿ ಬಂದ ದಿನ ಮನೆಯವರೆಲ್ಲ ಅದರ ಬಣ್ಣ ನೋಡಿ ಖುಷಿಪಟ್ಟಿದ್ದೆವು. ಕೆಂಪು ಡೆಕ್, ಬಿಳಿ ತಳ, ಮುಖ ಕಾಣುವಷ್ಟು ಹೊಳಪು. ಆದರೆ ನೀರಿಗೆ ಬಿಟ್ಟರೆ ಮೂಗು ತಗ್ಗಿಸಿಕೊಂಡು ನೀರನ್ನು ಉಳುತ್ತಾ ಹೋಗುತ್ತಿತ್ತು. ಮೋಟಾರಿಗೆ ಶಕ್ತಿ ಸಾಲದು ಅಂದುಕೊಂಡು ಒಂದಾದ ಮೇಲೊಂದು ನಾಲ್ಕು ಪ್ರೊಪೆಲ್ಲರ್ ಬದಲಾಯಿಸಿದೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ದೋಣಿಯನ್ನು ಬೋರಲು ಹಾಕಿ, ತಳದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟೆ. ಹಿಂಭಾಗದಲ್ಲಿ ಸ್ಕೇಲಿಗೂ ತಳಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ತಳ ಒಳಗೆ ಬಾಗಿತ್ತು, ಹತ್ತಿರ ಹತ್ತಿರ 2 ಮಿಲಿಮೀಟರ್. ಆ ತಗ್ಗೇ ಹಿಂಭಾಗವನ್ನು ಮೇಲಕ್ಕೆತ್ತಿ ಮೂಗನ್ನು ಕೆಳಗೆ ಒತ್ತುತ್ತಿತ್ತು.

ಅದಕ್ಕೇ ಈ ಲೇಖನದಲ್ಲಿ ತಳದ ಮಾತು ಜಾಸ್ತಿ, ಬಣ್ಣದ ಮಾತು ಕಡಿಮೆ. ರೇಸಿಂಗ್ ದೋಣಿಯ ವೇಗ ಇರುವುದು ತಳದ ಕೊನೆಯ ಮೂರನೇ ಒಂದು ಭಾಗದಲ್ಲಿ ಮತ್ತು ಮೋಟಾರಿನಿಂದ ಪ್ರೊಪೆಲ್ಲರ್‌ವರೆಗಿನ ಸಾಲಿನಲ್ಲಿ. ನಿಮ್ಮ ದುಡ್ಡು, ತಾಳ್ಮೆ ಎರಡೂ ಮೊದಲು ಅಲ್ಲಿಗೆ ಹೋಗಲಿ.

ಮೊದಲು ನೀರು, ಆಮೇಲೆ ದೋಣಿ

ದೋಣಿ ಆರಿಸುವ ಮುಂಚೆ ಎಲ್ಲಿ ಓಡಿಸುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ. ಊರಲ್ಲಿ ಕೃಷಿ ಹೊಂಡ ಇದೆ, ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹೊಂಡದ ಉದ್ದ 20 ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ದೋಣಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಹೊಂಡ ಮುಗಿಯಲು ಒಂದು ಸೆಕೆಂಡು ಚಿಲ್ಲರೆ ಸಾಕು. ಅಂಥ ಜಾಗಕ್ಕೆ ಅಂಗಡಿಯಲ್ಲಿ ಸಿಗುವ ಚಿಕ್ಕ ಪ್ಲಾಸ್ಟಿಕ್ ದೋಣಿಯೇ ಸರಿ. 75 ಸೆಂಟಿಮೀಟರಿನ ಫೈಬರ್ ದೋಣಿಗೆ ಉದ್ದಕ್ಕೆ ಕನಿಷ್ಠ 100 ಮೀಟರ್ ಖಾಲಿ ನೀರು ಬೇಕು, ಅಗಲ ಅದರ ಅರ್ಧವಾದರೂ ಇರಬೇಕು.

ಕೆರೆಯಾದರೆ ಮೊದಲು ಅದು ಯಾರ ಸುಪರ್ದಿಯಲ್ಲಿದೆಯೋ ಅವರನ್ನು ಕೇಳಿ. ಅಂತರಗಂಗೆ, ಜೊಂಡು, ಮೀನಿನ ಬಲೆ ಎಲ್ಲಿವೆ ಅಂತ ನೋಡಿ. ನಿಮಿಷಕ್ಕೆ 20 ಸಾವಿರ ಸುತ್ತು ತಿರುಗುವ ಪ್ರೊಪೆಲ್ಲರಿಗೆ ಒಂದು ಎಳೆ ಕಳೆ ಸಿಕ್ಕಿದರೂ ಮೋಟಾರು ಸುಡಬಹುದು. ಹಕ್ಕಿಗಳು ಮರಿ ಮಾಡುವ ಜಾಗ, ಜನ ಈಜುವ ಜಾಗ ಬೇಡವೇ ಬೇಡ. ಬೆಳಿಗ್ಗೆ ಎಂಟರೊಳಗೆ ನೀರು ಅಲುಗಾಡದೆ ಇರುತ್ತದೆ, ಆ ಹೊತ್ತೇ ಚೆನ್ನ.

ಯಾವ ಬಗೆಯ ಹಲ್?

ಹಲ್ ಅಂದರೆ ದೋಣಿಯ ಬರೀ ಒಡಲು, ಒಳಗೆ ಏನೂ ಇಲ್ಲದ ಚಿಪ್ಪು. ರೇಸಿನಲ್ಲಿ ಮುಖ್ಯವಾಗಿ ನಾಲ್ಕು ಬಗೆ ಕಾಣುತ್ತವೆ. ವಿ ಆಕಾರದ ಒಂದೇ ತಳವಿರುವ ಮೋನೋ. ಎರಡು ತಳಗಳ ನಡುವೆ ಗಾಳಿ ಹಾಯುವ ಕ್ಯಾಟಮರಾನ್, ಎಲ್ಲರ ಬಾಯಲ್ಲಿ ಕ್ಯಾಟ್. ಮುಂದೆ ಎರಡು ಪಾದಗಳ ಮೇಲೆ ಓಡುವ ಹೈಡ್ರೋ. ಆ ಪಾದಗಳನ್ನೇ ಕಡ್ಡಿಗಳ ತುದಿಗೆ ಹಾಕಿ ಹೊರಗೆ ಚಾಚಿದ ಔಟ್‌ರಿಗ್ಗರ್.

ವೇಗ ಬೇಕಾದರೆ ಔಟ್‌ರಿಗ್ಗರ್. ಆದರೆ ಅದಕ್ಕೆ ಗಾಜಿನ ಹಾಗಿರುವ ನೀರು ಬೇಕು, ಸಣ್ಣ ಅಲೆಗೂ ಹಾರಿ ಮಗುಚುತ್ತದೆ. ಕ್ಯಾಟ್ ನೇರ ದಾರಿಯಲ್ಲಿ ತುಂಬಾ ಚೆನ್ನ, ಆದರೆ ಎದುರುಗಾಳಿ ನಡುವಿನ ಸುರಂಗದೊಳಗೆ ನುಗ್ಗಿದರೆ ಮೂಗು ಎದ್ದು ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಮೋನೋ ಇವೆಲ್ಲಕ್ಕಿಂತ ನಿಧಾನ. ಆದರೂ ಮೊದಲ ಫೈಬರ್ ದೋಣಿ ಮೋನೋ ಆಗಿರಲಿ ಅಂತಲೇ ಹೇಳುತ್ತೇನೆ. ನಮ್ಮ ಕೆರೆಗಳಲ್ಲಿ ಗಾಳಿ ಎದ್ದರೆ ಅಲೆ ಗ್ಯಾರಂಟಿ, ಆ ಅಲೆಯನ್ನು ಸೀಳಿಕೊಂಡು ಹೋಗುವುದು ಇದೊಂದೇ. ತಪ್ಪು ಮಾಡಿದರೂ ಬೇಗ ಕೈ ಬಿಡುವುದಿಲ್ಲ.

ಈ ಹವ್ಯಾಸ ಗಟ್ಟಿಯಾಗಿ ಬೇರೂರಿರುವುದು ಅಮೆರಿಕ ಮತ್ತು ಯುರೋಪಿನಲ್ಲಿ. ಅಮೆರಿಕದಲ್ಲಿ ನಾಂಬಾ ಮತ್ತು ಐಎಂಪಿಬಿಎ, ಯುರೋಪಿನಲ್ಲಿ ನಾವಿಗಾ ನಿಯಮ ಮಾಡುವ ಸಂಸ್ಥೆಗಳು. ಅಮೆರಿಕದವರು ಬ್ಯಾಟರಿಯ ಸೆಲ್ ಲೆಕ್ಕದಲ್ಲಿ ವರ್ಗ ಮಾಡುತ್ತಾರೆ. 4 ಸೆಲ್ ಅಂದರೆ ಪಿ, 6 ಸೆಲ್ ಅಂದರೆ ಕ್ಯೂ. ಹಲ್ ಮಾರುವವರು 'ಪಿ ಮೋನೋ', 'ಕ್ಯೂ ಕ್ಯಾಟ್' ಅಂತ ಬರೆದಿರುತ್ತಾರಲ್ಲ, ಅದರ ಅರ್ಥ ಇಷ್ಟೇ. ರೇಸಿಗೆ ಹೋಗುವ ಯೋಚನೆ ಇಲ್ಲದಿದ್ದರೂ ಒಂದು ವರ್ಗಕ್ಕೆ ಹೊಂದುವ ದೋಣಿಯನ್ನೇ ಕಟ್ಟಿ. ಆ ಅಳತೆಗೆ ಯಾವ ಮೋಟಾರು, ಯಾವ ಪ್ರೊಪೆಲ್ಲರ್ ಸರಿಹೋಗುತ್ತದೆ ಅಂತ ನೂರಾರು ಜನ ಈಗಾಗಲೇ ಓಡಿಸಿ ನೋಡಿರುತ್ತಾರೆ. ಆ ಅನುಭವ ನಿಮಗೆ ಪುಕ್ಕಟೆ ಸಿಗುತ್ತದೆ.

ಮುಂದೆ ಹೇಳುವುದೆಲ್ಲ ಒಂದು ಪಿ ಮೋನೋ ಕುರಿತು: ಸುಮಾರು 75 ಸೆಂ.ಮೀ. ಉದ್ದ, 4 ಸೆಲ್ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ.

ಕಾಗದದ ಮೇಲೆ ಒಂದು ಲೆಕ್ಕ

ಹಲ್ ಆರ್ಡರ್ ಕೊಡುವ ಮುಂಚೆಯೇ ಒಳಗಿನ ಸಾಮಾನು ಯಾವುದು ಅಂತ ತೀರ್ಮಾನ ಆಗಿರಬೇಕು. ಹಲ್ ಮಾಡುವವರು ಅದನ್ನೇ ಕೇಳುತ್ತಾರೆ.

ಬ್ರಶ್‌ಲೆಸ್ ಮೋಟಾರಿನ ಮೇಲೆ ಕೆವಿ ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ ಅದು. ಲೈಪೋ ಸೆಲ್ ಒಂದಕ್ಕೆ 3.7 ವೋಲ್ಟ್, ನಾಲ್ಕಕ್ಕೆ 14.8. ಮೋಟಾರು 1800 ಕೆವಿ ಆದರೆ 14.8 ಗುಣಿಸು 1800, ಅಂದರೆ 26,640 ಸುತ್ತು. ಮೋನೋಗೆ ಈ ಲೆಕ್ಕ 25 ಸಾವಿರದಿಂದ 30 ಸಾವಿರದ ನಡುವೆ ಬಂದರೆ ಸರಿ. ಅದಕ್ಕಿಂತ ಜಾಸ್ತಿ ಕೆವಿ ಕಂಡು ಆಸೆಪಡಬೇಡಿ, ಬ್ಯಾಟರಿ ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನವಾದ ಇಎಸ್‌ಸಿ ಎರಡೂ ಬಿಸಿಯಾಗುತ್ತವೆ.

ಪ್ರೊಪೆಲ್ಲರಿನ ಹೆಸರಲ್ಲೂ ಲೆಕ್ಕ ಇದೆ. ಅಮೆರಿಕದ ಆಕ್ಟೂರಾ ಪ್ರೊಪೆಲ್ಲರ್‌ಗಳು ಈ ಹವ್ಯಾಸದಲ್ಲಿ ಮನೆಮಾತು. ಎಕ್ಸ್440 ಅಂದರೆ ಅಡ್ಡಳತೆ 40 ಮಿ.ಮೀ., ಪಿಚ್ ಅದರ 1.4 ಪಟ್ಟು, ಅಂದರೆ 56 ಮಿ.ಮೀ. ಒಂದು ಸುತ್ತಿಗೆ ದೋಣಿ 56 ಮಿ.ಮೀ. ಮುಂದೆ ಹೋಗಬೇಕು ಅಂತ ಅರ್ಥ. ಎಕ್ಸ್642 ಆದರೆ ಅಡ್ಡಳತೆ 42, ಪಿಚ್ 1.6 ಪಟ್ಟು. ನಮ್ಮ 26,640 ಸುತ್ತಿಗೆ 56 ಮಿ.ಮೀ. ಗುಣಿಸಿದರೆ ಗಂಟೆಗೆ ಸುಮಾರು 89 ಕಿ.ಮೀ. ಬರುತ್ತದೆ. ಇದು ಕಾಗದದ ವೇಗ. ಭಾರ ಬಿದ್ದಾಗ ಸುತ್ತು ಇಳಿಯುತ್ತದೆ, ನೀರಿನಲ್ಲಿ ಪ್ರೊಪೆಲ್ಲರ್ ಸ್ವಲ್ಪ ಜಾರುತ್ತದೆ. ಕೆರೆಯ ಮೇಲೆ 60ರಿಂದ 65 ಸಿಕ್ಕಿದರೆ ಎಲ್ಲ ಸರಿಯಿದೆ ಅಂತ ತಿಳಿಯಿರಿ. ಆ ವೇಗವೇ ಕಣ್ಣಿಗೆ ಎಷ್ಟು ಜೋರು ಕಾಣುತ್ತದೆ ಅಂದರೆ, ಮೊದಲ ದಿನ ಕೈ ನಡುಗುತ್ತದೆ.

ನಮ್ಮ ದೋಣಿಗೆ 36 ಮಿ.ಮೀ. ಅಡ್ಡಳತೆ, 60 ಮಿ.ಮೀ. ಉದ್ದದ ಮೋಟಾರು ಸಾಕು. ನೀರು ಹಾಯಿಸಿ ತಣ್ಣಗಾಗಿಸುವ ಇಎಸ್‌ಸಿ, 120 ಆಂಪಿಯರ್‌ಗಿಂತ ಕಡಿಮೆ ಬೇಡ. ಬ್ಯಾಟರಿ 5000 ಎಂಎಎಚ್. ಬ್ಯಾಟರಿಯನ್ನು ಮಾತ್ರ ಇಲ್ಲೇ ಕೊಳ್ಳಿ. ಲಿಥಿಯಂ ಬ್ಯಾಟರಿಯನ್ನು ಬಿಡಿಯಾಗಿ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವುದು 2016ರಿಂದ ನಿಷೇಧ, ಹೊರಗಿನಿಂದ ತರಿಸುವುದು ಬರೀ ತಲೆನೋವು.

ಆರ್ಡರ್ ಕೊಡುವಾಗ ಏನು ಕೇಳಬೇಕು

ಒಳ್ಳೆಯ ರೇಸಿಂಗ್ ಹಲ್‌ಗಳನ್ನು ಮಾಡುವವರಲ್ಲಿ ಬಹುಪಾಲು ಸಣ್ಣ ವರ್ಕ್‌ಶಾಪ್‌ನವರು. ಒಬ್ಬರೋ ಇಬ್ಬರೋ ಇರುತ್ತಾರೆ. ಆರ್ಡರ್ ಬಂದ ಮೇಲೆ ಅಚ್ಚಿಗೆ ಕೈ ಹಾಕುತ್ತಾರೆ. ಅವರು ಕೆಲಸ ಮಾಡುವ ಬಗೆ ಗೊತ್ತಿದ್ದರೆ ನಿಮ್ಮ ಪ್ರಶ್ನೆಗಳೂ ನೆಟ್ಟಗಿರುತ್ತವೆ.

ತಳಕ್ಕೊಂದು, ಡೆಕ್ಕಿಗೊಂದು ಅಚ್ಚು ಇರುತ್ತದೆ. ಅಚ್ಚಿಗೆ ಹಲವು ಸಲ ಮೇಣ ಉಜ್ಜುತ್ತಾರೆ. ಮೊದಲು ಬಣ್ಣದ ಜೆಲ್‌ಕೋಟ್ ಬೀಳುತ್ತದೆ, ಅಂದರೆ ಹೊರಗೆ ಕಾಣುವ ಬಣ್ಣವೇ ಮೊದಲ ಪದರ. ಅದರ ಮೇಲೆ ಗಾಜಿನ ಬಟ್ಟೆ ಹಾಸಿ, ಬ್ರಶ್‌ನಲ್ಲಿ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ಅಂಟುದ್ರವ, ಕುಡಿಸಿ, ಗಾಳಿಗುಳ್ಳೆ ಒತ್ತಿ ತೆಗೆಯುತ್ತಾರೆ. ಎರಡು ಅರ್ಧ ಜೋಡಿಸಿ, ಡೆಕ್ಕಿನಲ್ಲಿ ಮುಚ್ಚಳ ಹಾಕುವ ಹ್ಯಾಚ್ ಕಿಂಡಿಯಿಂದ ಕೈ ತೂರಿಸಿ ಒಳಗಿನಿಂದ ಪಟ್ಟಿ ಅಂಟಿಸುತ್ತಾರೆ. ಇಷ್ಟು ಆದ ಮೇಲೆ ಅಚ್ಚಿನಲ್ಲೇ ಗಟ್ಟಿಯಾಗಲು ಬಿಡಬೇಕು. ಅವಸರದಲ್ಲಿ ಬೇಗ ಬಿಡಿಸಿದರೆ ರೆಸಿನ್ ಇನ್ನೂ ಕುಗ್ಗುತ್ತಾ ಇರುತ್ತದೆ, ತಳ ಸೊಟ್ಟಗಾಗುತ್ತದೆ. ನನಗೆ ಬಂದ ಆ 2 ಮಿಲಿಮೀಟರಿನ ತಗ್ಗು ಹೀಗೇ ಬಂದಿರಬೇಕು. ಹಾಗಾಗಿ ನಾಲ್ಕು ವಾರ ಆಗುತ್ತದೆ ಅಂತ ಅವರು ಹೇಳಿದರೆ, ಎರಡು ವಾರಕ್ಕೆ ಕೊಡಿ ಅಂತ ಒತ್ತಾಯ ಮಾಡಬೇಡಿ. ಅಚ್ಚಿನಲ್ಲಿ ಇನ್ನೆರಡು ದಿನ ಜಾಸ್ತಿ ಇರಲಿ ಅಂತ ನೀವೇ ಕೇಳಿಕೊಳ್ಳಿ.

ಪತ್ರದಲ್ಲಿ ಈ ವಿಷಯಗಳು ಸ್ಪಷ್ಟವಾಗಿರಲಿ. ರೆಸಿನ್ ಯಾವುದು, ಎಪಾಕ್ಸಿಯೋ ಪಾಲಿಯೆಸ್ಟರೋ? ಎಪಾಕ್ಸಿ ದುಬಾರಿ, ಆದರೆ ಕಡಿಮೆ ಕುಗ್ಗುತ್ತದೆ, ಏಟು ತಿಂದರೂ ಬೇಗ ಬಿರುಕು ಬಿಡುವುದಿಲ್ಲ. ಬಟ್ಟೆ ಎಷ್ಟು ಪದರ, ತಳಕ್ಕೆ ಮತ್ತು ಹಿಂಗೋಡೆಗೆ ಕಾರ್ಬನ್ ಬಟ್ಟೆ ಸೇರಿಸುತ್ತಾರಾ? ಖಾಲಿ ಹಲ್ ತೂಕ ಎಷ್ಟು? 75 ಸೆಂಟಿಮೀಟರಿನ ಮೋನೋಗೆ ಅರ್ಧ ಕೆ.ಜಿ. ಆಸುಪಾಸು ಇದ್ದರೆ ಹದವಾಗಿದೆ. ತೀರಾ ಹಗುರ ಅಂತ ಹೊಗಳಿಕೊಂಡಿದ್ದರೆ ತಳ ಅದುರುವಷ್ಟು ತೆಳ್ಳಗಿದೆಯಾ ಅಂತ ಕೇಳಿ. ಇಂಧನದ ಎಂಜಿನ್‌ಗೆ ಮಾಡಿದ ಹಲ್ಲೋ, ಬ್ಯಾಟರಿಗೆ ಮಾಡಿದ್ದೋ? ಹ್ಯಾಚ್ ಕಿಂಡಿಯೊಳಗೆ ನಿಮ್ಮ ಬ್ಯಾಟರಿ ತೂರುತ್ತದಾ? ಬ್ಯಾಟರಿಯ ಉದ್ದ ಅಗಲ ಎತ್ತರ ಮಿಲಿಮೀಟರಿನಲ್ಲಿ ಬರೆದು ಕಳಿಸಿ.

ಮುಖ್ಯವಾದದ್ದು ಕೊನೆಗೆ: ತಳದ ಮೇಲೆ ಉದ್ದ ಸ್ಕೇಲ್ ಇಟ್ಟು ತೆಗೆದ ಫೋಟೋ ಕಳಿಸಲು ಹೇಳಿ. ಒಳ್ಳೆಯ ಕೆಲಸಗಾರರು ಈ ಮಾತಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಕೇಳುವವರಿಗೆ ವಿಷಯ ಗೊತ್ತಿದೆ ಅಂತ ಅವರಿಗೂ ಸಮಾಧಾನ.

ಬಣ್ಣಕ್ಕೆ ಒಂದೇ ಸಲಹೆ. ಡೆಕ್ ಮೇಲೆ ಹಳದಿ, ಕಿತ್ತಳೆ, ಗಿಳಿಹಸಿರಿನಂಥ ಗಾಢ ಬಣ್ಣ ಇರಲಿ, ತಳಕ್ಕೆ ಅದಕ್ಕಿಂತ ಪೂರ್ತಿ ಬೇರೆ ಬಣ್ಣ. 80 ಮೀಟರ್ ದೂರದಲ್ಲಿ ದೋಣಿ ಮಗುಚಿದೆಯೋ ನೆಟ್ಟಗಿದೆಯೋ ತಿಳಿಯುವುದು ಬಣ್ಣದಿಂದಲೇ.

ಇನ್ನು ಸಾಗಣೆ. ಇಲ್ಲಿ ತುಂಬಾ ಜನ ಲೆಕ್ಕ ತಪ್ಪುತ್ತಾರೆ. ಹಲ್ ಅರ್ಧ ಕೆ.ಜಿ. ಇದ್ದರೂ ಕೊರಿಯರ್‌ನವರು ಬಾಕ್ಸಿನ ಗಾತ್ರಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 85, 32, 25ರ ಬಾಕ್ಸ್ ಆದರೆ 13.6 ಕೆ.ಜಿ. ಬಿಲ್ ಬೀಳುತ್ತದೆ. ಹೇಗೂ ಅಷ್ಟು ತೂಕಕ್ಕೆ ಕೊಡುತ್ತೀರಲ್ಲ, ಸ್ಟ್ರಟ್, ದೋಣಿ ತಿರುಗಿಸುವ ರಡ್ಡರ್, ಟರ್ನ್ ಫಿನ್, ಫ್ಲೆಕ್ಸ್ ಕೇಬಲ್ (ಇವುಗಳ ಕೆಲಸ ಮುಂದೆ ಹೇಳುತ್ತೇನೆ), ಮೋಟಾರು ಕೂರಿಸುವ ಮೌಂಟ್ ಎಲ್ಲವನ್ನೂ ಅದೇ ಬಾಕ್ಸಿನಲ್ಲಿ ತರಿಸಿ. ಕಸ್ಟಮ್ಸ್ ಸುಂಕ ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತಕ್ಕೆ ಬೀಳುತ್ತದೆ. ಬಿಲ್ಲಿನಲ್ಲಿ ನಿಜವಾದ ಬೆಲೆಯನ್ನೇ ಬರೆಸಿ. ಕಡಿಮೆ ಬರೆಸಿದರೆ ತಪ್ಪು ಅನ್ನುವುದು ಒಂದು ಕಡೆ, ದಾರಿಯಲ್ಲಿ ಒಡೆದರೆ ವಿಮೆಯೂ ಅಷ್ಟೇ ಸಿಗುತ್ತದೆ.

ನಾನೇ ಹಲ್ ಮಾಡಿಕೊಂಡರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗುತ್ತದೆ. ಆದರೆ ಮೊದಲು ಮರದ ಮಾದರಿ, ಆಮೇಲೆ ಅಚ್ಚು, ಅದಾದ ಮೇಲೆ ಹಲ್. ಒಂದೇ ದೋಣಿಗೆ ಅಷ್ಟು ಕೆಲಸ ಬೇಡ. ಅದರ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಅಂಗೈ ಅಗಲದ ಒಂದು ತುಂಡು ಹಾಸಿ ಕಲಿಯಿರಿ, ರಿಪೇರಿಗೆ ಆ ಕೈಚಳಕ ಬೇಕೇ ಬೇಕು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ನಮ್ಮಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಕೋಬಾಲ್ಟ್ ಆಕ್ಸಿಲರೇಟರ್ ಒಂದು ಬಾಟಲಿ, ಎಂಇಕೆಪಿ ಹಾರ್ಡನರ್ ಇನ್ನೊಂದು ಬಾಟಲಿ ಕೊಡುವುದುಂಟು. ಆ ಎರಡನ್ನೂ ಒಂದಕ್ಕೊಂದು ನೇರವಾಗಿ ಎಂದೂ ಸೇರಿಸಬಾರದು, ಸ್ಫೋಟ ಆಗುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಮಾತ್ರ ಹಾರ್ಡನರ್. ಕಣ್ಣಿಗೆ ಕನ್ನಡಕ ಹಾಕಿಯೇ ಬಾಟಲಿ ಮುಚ್ಚಳ ತೆಗೆಯಿರಿ.

ಬಾಕ್ಸ್ ತೆರೆದ ದಿನ

ತೆರೆಯುವುದರಿಂದ ಹಿಡಿದು ವಿಡಿಯೋ ಮಾಡಿ. ದೋಣಿಯನ್ನು ಬೋರಲು ಹಾಕಿ, 30 ಸೆಂಟಿಮೀಟರಿನ ಸ್ಟೀಲ್ ಸ್ಕೇಲನ್ನು ಹಿಂಭಾಗದಿಂದ ಮುಂದಕ್ಕೆ ಉದ್ದವಾಗಿ ಇಡಿ. ಹಿಂದಿನಿಂದ ಟಾರ್ಚ್ ಹಾಕಿ. ನಡುವೆ ಬೆಳಕು ಕಂಡರೆ ತಗ್ಗು, ಮೂಗು ಇಳಿಸುತ್ತದೆ. ನಡುವೆ ಊದಿ ತುದಿಗಳಲ್ಲಿ ಬೆಳಕು ಕಂಡರೆ ಉಬ್ಬು, ದೋಣಿ ಕುದುರೆಯ ಹಾಗೆ ಕುಣಿಯುತ್ತದೆ. ಎರಡೂ ಪಕ್ಕ ನೋಡಿ. ಅರ್ಧ ಮಿಲಿಮೀಟರ್ ಒಳಗಿದ್ದರೆ ನೀವೇ ಸರಿಮಾಡಬಹುದು. ಜಾಸ್ತಿ ಇದ್ದರೆ ಫೋಟೋ ತೆಗೆದು ಮಾಡಿದವರಿಗೆ ಅದೇ ದಿನ ತಿಳಿಸಿ.

ಸರಿಮಾಡುವುದು ಹೀಗೆ. ತಗ್ಗಿನ ಜಾಗವನ್ನು 120 ನಂಬರಿನ ಉಜ್ಜುಕಾಗದದಿಂದ ಒರಟು ಮಾಡಿ. ಎಪಾಕ್ಸಿಗೆ ಮೈಕ್ರೋಬಲೂನ್ ಪುಡಿ (ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗುಂಡುಗಳ ಪುಡಿ) ಸೇರಿಸಿ, ಪೇಸ್ಟಿನ ಹದಕ್ಕೆ ಕಲಸಿ ಹಚ್ಚಿ. ಒಣಗಿದ ಮೇಲೆ ಚಪ್ಪಟೆ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿ. ಬರೀ ಬೆರಳಲ್ಲಿ ಒತ್ತಿ ಉಜ್ಜಿದರೆ ಹೊಸ ಗುಂಡಿಗಳೇ ಆಗುತ್ತವೆ. 220, ಆಮೇಲೆ 400. ತಳ ಮತ್ತು ಹಿಂಗೋಡೆ ಸೇರುವ ಅಂಚು ಚಾಕುವಿನ ಹಾಗೆ ಚೂಪಾಗಿರಬೇಕು. ಅಚ್ಚಿನಿಂದ ಬಂದ ಅಂಚು ದುಂಡಗಿದ್ದರೆ ನೀರು ಅಲ್ಲಿ ಬಿಟ್ಟು ಹೋಗದೆ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಹಿಂಗೋಡೆಗೆ ಟೇಪ್ ಕಟ್ಟೆ ಕಟ್ಟಿ, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಚೌಕ ಮಾಡಿ.

ಗಾಜಿನ ಪುಡಿ ಮೈಗೆ ತುರಿಕೆ, ಶ್ವಾಸಕ್ಕೆ ಕೆಟ್ಟದ್ದು. ತುಂಬುತೋಳಿನ ಅಂಗಿ, ಎನ್95 ಮಾಸ್ಕ್ ಹಾಕಿ, ನೀರು ಹಾಕಿಕೊಂಡು ಉಜ್ಜಿ. ಮುಗಿದ ಮೇಲೆ ತಣ್ಣೀರಲ್ಲೇ ತೊಳೆಯಿರಿ.

ಒಳಗಿನ ಕೆಲಸ

ಮೊದಲು ಥರ್ಮೋಕೋಲ್ ಅಥವಾ ಮರದಲ್ಲಿ ದೋಣಿ ಅಲುಗಾಡದೆ ಕೂರುವ ಸ್ಟ್ಯಾಂಡ್ ಮಾಡಿ. ಅಂಟು ಬೀಳುವ ಪ್ರತಿ ಜಾಗವನ್ನೂ 80 ನಂಬರಿನಲ್ಲಿ ಉಜ್ಜಿ, ಅಸಿಟೋನ್ ಬಟ್ಟೆಯಲ್ಲಿ ಒರೆಸಿ. ಹಾಗೇ ಅಂಟಿಸಿದರೆ ಮೊದಲ ಏಟಿಗೇ ಮೌಂಟ್ ಕಿತ್ತು ಬರುತ್ತದೆ. ಐದು ನಿಮಿಷದ ಎಪಾಕ್ಸಿ ಇಲ್ಲಿಗೆ ಬೇಡ, ನಿಧಾನಕ್ಕೆ ಗಟ್ಟಿಯಾಗುವುದನ್ನೇ ತನ್ನಿ.

ಹಿಂಗೋಡೆಯ ಮೇಲೆ ನಡುಗೆರೆ ಎಳೆಯಿರಿ. ಸ್ಟ್ರಟ್, ಅಂದರೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿಡುವ ಲೋಹದ ತುಂಡು, ಆ ಗೆರೆಗೆ ಬರಬೇಕು. ಶುರುವಿಗೆ ಶಾಫ್ಟಿನ ನಡುಭಾಗ ತಳದ ಅತಿ ಕೆಳಗಿನ ಗೆರೆಗೆ ಸಮ ಇರಲಿ, ಕೋನ ಸೊನ್ನೆ. ಹೀಗಿದ್ದರೆ ಪ್ರೊಪೆಲ್ಲರಿನ ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ ತಿರುಗುತ್ತದೆ. ರೇಸಿಂಗ್ ದೋಣಿ ಓಡುವುದೇ ಹಾಗೆ. ಆಮೇಲೆ ಏರಿಸಿ ಇಳಿಸಲು ಸ್ಕ್ರೂ ತೂತು ಉದ್ದವಾಗಿರುವ ಸ್ಟ್ರಟ್ ತೆಗೆದುಕೊಳ್ಳಿ.

ಮೋಟಾರಿನಿಂದ ಸ್ಟ್ರಟ್‌ಗೆ ಹೋಗುವುದು ಫ್ಲೆಕ್ಸ್ ಕೇಬಲ್, ಬಾಗುವ ಉಕ್ಕಿನ ಹಗ್ಗ. ಅದು ಹಿತ್ತಾಳೆ ಕೊಳವೆಯೊಳಗೆ ತಿರುಗುತ್ತದೆ. ಕೊಳವೆಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಮೆತ್ತಗಾಗುತ್ತದೆ, ಕೈಯಲ್ಲೇ ಬಗ್ಗಿಸಬಹುದು. ಬಾಗು ಎಷ್ಟು ನಿಧಾನವಾಗಿದ್ದರೆ ಅಷ್ಟು ಒಳ್ಳೆಯದು. ಒಂದೇ ಕಡೆ ಮುರುಕು ಬಾಗು ಕೊಟ್ಟರೆ ಕೇಬಲ್ ಅಲ್ಲೇ ಸವೆದು, ಶಕ್ತಿಯನ್ನೂ ತಿನ್ನುತ್ತದೆ. ಕೇಬಲ್ ಹೆಣೆದಿರುವ ದಿಕ್ಕನ್ನೂ ನೋಡಿ. ಪ್ರೊಪೆಲ್ಲರ್ ತಿರುಗಿದಾಗ ಎಳೆ ಬಿಗಿಯಾಗಬೇಕು, ಬಿಚ್ಚಿಕೊಳ್ಳಬಾರದು. ಬಿಗಿಯಾದಾಗ ಕೇಬಲ್ ಸ್ವಲ್ಪ ಗಿಡ್ಡವಾಗುತ್ತದೆ. ಅದಕ್ಕೇ ಪ್ರೊಪೆಲ್ಲರ್ ಮುಂದೆ ಅದನ್ನು ಕಚ್ಚಿ ತಿರುಗಿಸುವ ತುಂಡಾದ ಡ್ರೈವ್ ಡಾಗ್‌ಗೂ ಸ್ಟ್ರಟ್‌ಗೂ ನಡುವೆ 3 ಮಿ.ಮೀ. ಜಾಗ ಬಿಡಿ. ಆ ಜಾಗ ಇಲ್ಲದಿದ್ದರೆ ಪೂರ್ತಿ ವೇಗದಲ್ಲಿ ಎರಡೂ ಉಜ್ಜಿ ಮೋಟಾರಿನ ಬೇರಿಂಗ್ ಹೋಗುತ್ತದೆ.

ಮೋಟಾರು, ಕೊಳವೆ, ಸ್ಟ್ರಟ್ ಮೂರನ್ನೂ ಅಂಟಿಲ್ಲದೆ ಜೋಡಿಸಿ, ಎರಡು ಬೆರಳಲ್ಲಿ ಕೇಬಲ್ ತಿರುಗಿಸಿ. ಎಲ್ಲೂ ತಡೆಯಬಾರದು, ಕಿರಿಕಿರಿ ಸದ್ದು ಬರಬಾರದು. ಹಾಗೆ ಬರುವವರೆಗೆ ಸರಿಸುತ್ತಾ ಇರಿ. ನನಗೆ ಇದಕ್ಕೆ ಒಂದು ಇಡೀ ಭಾನುವಾರ ಹಿಡಿಯುತ್ತದೆ, ಆ ಭಾನುವಾರ ಯಾವತ್ತೂ ವ್ಯರ್ಥ ಅನ್ನಿಸಿಲ್ಲ. ಸರಿಯಾದ ಮೇಲೆ ಒಂದೊಂದು ಹನಿ ಅಂಟು ಹಾಕಿ ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿ, ಆಮೇಲೆ ಪೂರ್ತಿ ಅಂಟು.

ಟರ್ನ್ ಫಿನ್ ಬಲಗಡೆ. ಅಮೆರಿಕದ ಓವಲ್ ರೇಸ್‌ಗಳಲ್ಲಿ ದೋಣಿಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ಓಡುತ್ತವೆ, ಎಲ್ಲ ತಿರುವೂ ಬಲಕ್ಕೆ. ಫಿನ್ ನೀರನ್ನು ಕಚ್ಚಿಕೊಂಡು ದೋಣಿ ಪಕ್ಕಕ್ಕೆ ಜಾರದ ಹಾಗೆ ನೋಡಿಕೊಳ್ಳುತ್ತದೆ. ಅಂಥ ದೋಣಿಯನ್ನು ಪೂರ್ತಿ ವೇಗದಲ್ಲಿ ಎಡಕ್ಕೆ ತಿರುಗಿಸಿದರೆ ಮಗುಚುತ್ತದೆ.

ವೈರಿಂಗ್‌ನಲ್ಲಿ ಒಂದೇ ಮಾತು ಒತ್ತಿ ಹೇಳುತ್ತೇನೆ. ಬ್ಯಾಟರಿಯಿಂದ ಇಎಸ್‌ಸಿಗೆ ಹೋಗುವ ತಂತಿ ಆದಷ್ಟು ಗಿಡ್ಡ ಇರಲಿ. ಉದ್ದ ಮಾಡಲೇಬೇಕಾದರೆ ಇಎಸ್‌ಸಿಯಿಂದ ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಉದ್ದ ಮಾಡಿ. ಬ್ಯಾಟರಿ ಕಡೆ ಉದ್ದವಾದರೆ ವೋಲ್ಟೇಜ್ ಏರುಪೇರಾಗಿ ಇಎಸ್‌ಸಿಯ ಕೆಪಾಸಿಟರ್ ಸುಡುತ್ತವೆ. ರಡ್ಡರ್‌ನಿಂದ ಬರುವ ನೀರಿನ ಸಿಲಿಕೋನ್ ಕೊಳವೆ ಮೊದಲು ಇಎಸ್‌ಸಿಗೆ, ಅಲ್ಲಿಂದ ಮೋಟಾರಿಗೆ, ಅಲ್ಲಿಂದ ಹೊರಗೆ. ಹೊರಗೆ ಚಿಮ್ಮುವ ನೀರು ದಡಕ್ಕೆ ಕಾಣುವ ಕಡೆ ಇರಲಿ. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿ ಕಟ್ಟಿ. ತುಂಬಾ ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ರೇಡಿಯೋದಲ್ಲಿ ಫೇಲ್‌ಸೇಫ್ ಇಡಿ. ಸಿಗ್ನಲ್ ಹೋದರೆ ಮೋಟಾರು ತಾನೇ ನಿಲ್ಲಬೇಕು. ಮನೆಯಲ್ಲೇ ಪ್ರೊಪೆಲ್ಲರ್ ಬಿಚ್ಚಿ, ಮೋಟಾರು ಓಡಿಸಿ, ರಿಮೋಟ್ ಆಫ್ ಮಾಡಿ ಪರೀಕ್ಷಿಸಿ.

ತೇಲುವ ಫೋಮ್ ಹಾಕದೆ ದೋಣಿಯನ್ನು ನೀರಿಗೆ ಬಿಡಬೇಡಿ. ಫೈಬರ್‌ಗ್ಲಾಸ್ ತಾನಾಗಿ ತೇಲುವುದಿಲ್ಲ, ನೀರು ತುಂಬಿದರೆ ಕಲ್ಲಿನ ಹಾಗೆ ಮುಳುಗುತ್ತದೆ. ನನ್ನ ಎರಡನೇ ದೋಣಿಯ ಹ್ಯಾಚ್ ಟೇಪ್ ಬಿಚ್ಚಿಕೊಂಡು ಹೀಗೇ ಹೋಯಿತು. ಒಂದು ಲೀಟರ್ ಫೋಮ್ ಸುಮಾರು ಒಂದು ಕೆ.ಜಿ. ಎತ್ತಿ ಹಿಡಿಯುತ್ತದೆ. ಎಲ್ಲ ಸೇರಿ ದೋಣಿ ಎರಡೂ ಕಾಲು ಕೆ.ಜಿ. ಇದ್ದರೆ, ಎರಡೂವರೆ ಲೀಟರ್ ಫೋಮ್ ಮೂಗಿನಲ್ಲಿ ಮತ್ತು ಪಕ್ಕಗಳಲ್ಲಿ ತುರುಕಿ. ಈಜು ಕಲಿಯುವ ಮಕ್ಕಳಿಗೆ ಕೊಡುವ ಉದ್ದನೆ ಫೋಮ್ ಕೋಲು ಕತ್ತರಿಸಿದರೆ ಸಾಕು.

ತೂಕ ಎಲ್ಲಿ ಕೂರಬೇಕು, ಪ್ರೊಪೆಲ್ಲರ್ ಹೇಗಿರಬೇಕು

ಎಲ್ಲ ಸಾಮಾನು ಇಟ್ಟು, ದೋಣಿಯನ್ನು ಎರಡು ಬೆರಳ ಮೇಲೆ ತೂಗಿಸಿ. ಹಿಂಗೋಡೆಯಿಂದ ಅಳೆದರೆ ಸಮತೂಕದ ಜಾಗ ಉದ್ದದ 30 ಶೇಕಡಾ ಹತ್ತಿರ ಬರಬೇಕು. 75 ಸೆಂ.ಮೀ. ದೋಣಿಗೆ 22-23 ಸೆಂ.ಮೀ. ಬ್ಯಾಟರಿಯನ್ನು ವೆಲ್ಕ್ರೋ ಪಟ್ಟಿಯಲ್ಲಿ ಕಟ್ಟಿ, ಮುಂದೆ ಹಿಂದೆ ಸರಿಸಲು ಜಾಗ ಬಿಡಿ.

ಆಕ್ಟೂರಾದ ಲೋಹದ ಪ್ರೊಪೆಲ್ಲರ್ ಎರಕ ಹೊಯ್ದ ಹಾಗೆಯೇ ಬರುತ್ತದೆ. ಅಂಚು ಮೊಂಡು, ತೂಕ ಸಮ ಇರುವುದಿಲ್ಲ. ಅಂಚು ಹರಿತ ಮಾಡಿ, ತೂಕ ಸರಿತೂಗಿಸಬೇಕು. ಅದು ಬೆರಿಲಿಯಂ ತಾಮ್ರ. ಅದರ ಒಣ ಪುಡಿ ಶ್ವಾಸಕೋಶಕ್ಕೆ ವಿಷ. ಗ್ರೈಂಡರ್ ಹಿಡಿಯಬೇಡಿ. ನೀರಲ್ಲಿ ನೆನೆಸಿಕೊಂಡು ಕೈಯಲ್ಲೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಹರಿತ ಮಾಡಿ ಸಮತೂಕ ಮಾಡಿದ್ದನ್ನೇ ಮಾರುವವರೂ ಇದ್ದಾರೆ. ಮೊದಲ ಸಲಕ್ಕೆ ಜಾಸ್ತಿ ದುಡ್ಡು ಕೊಟ್ಟು ಅದನ್ನೇ ತರಿಸಿ.

ನೀರಿಗೆ ಬಿಡುವ ದಿನ

ಜೊತೆಗೆ ಒಬ್ಬರಾದರೂ ಇರಲಿ. ಪ್ರೊಪೆಲ್ಲರ್ ಈಗ ಚೂರಿ ಅಂತಲೇ ತಿಳಿದುಕೊಳ್ಳಿ. ಬ್ಯಾಟರಿ ಜೋಡಿಸಿದ ಕ್ಷಣದಿಂದ ಕೈ ಹಿಂಭಾಗಕ್ಕೆ ಹೋಗಬಾರದು. ರಿಮೋಟ್ ಮೊದಲು ಆನ್, ಆಮೇಲೆ ದೋಣಿ. ವಾಪಸ್ ಬಂದಾಗ ಮೊದಲು ದೋಣಿ ಆಫ್, ಆಮೇಲೆ ರಿಮೋಟ್.

ಮೊದಲ ಓಟ ಎರಡೇ ನಿಮಿಷ. ನೀರು ಚಿಮ್ಮುತ್ತಿದೆಯಾ ನೋಡಿ. ದಡಕ್ಕೆ ತಂದು ಮೋಟಾರು, ಇಎಸ್‌ಸಿ, ಬ್ಯಾಟರಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಟ್ಟುಕೊಳ್ಳಲು ಆಗದಷ್ಟು ಸುಡುತ್ತಿದ್ದರೆ ಪ್ರೊಪೆಲ್ಲರ್ ದೊಡ್ಡದಾಯಿತು, 2 ಮಿ.ಮೀ. ಚಿಕ್ಕದು ಹಾಕಿ. ಮನೆಗೆ ಬಂದು ಚಾರ್ಜ್ ಮಾಡುವಾಗ ಎಷ್ಟು ಎಂಎಎಚ್ ಒಳಗೆ ಹೋಯಿತು ಅಂತ ಬರೆದಿಡಿ. ಎರಡು ನಿಮಿಷಕ್ಕೆ 2000 ಹೋಗಿದ್ದರೆ ಸರಾಸರಿ 60 ಆಂಪಿಯರ್ ಎಳೆದಿದೆ. 5000ದಲ್ಲಿ 4000 ಮಾತ್ರ ಬಳಸಬೇಕು, ಹಾಗಾಗಿ ನಿಮ್ಮ ಓಟ ನಾಲ್ಕು ನಿಮಿಷ. ರಿಮೋಟಿನಲ್ಲಿ ಅಲಾರಂ ಅದಕ್ಕೂ ಸ್ವಲ್ಪ ಮುಂಚೆಗೆ ಇಡಿ.

ನಡೆ ನೋಡಿ ಸರಿಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಮೂಗು ಎದ್ದು ಬಿದ್ದು ಕುಣಿದರೆ ಬ್ಯಾಟರಿ ಒಂದು ಸೆಂ.ಮೀ. ಮುಂದಕ್ಕೆ. ದೋಣಿಯ ಮುಕ್ಕಾಲು ಭಾಗ ನೀರಿಗೆ ಅಂಟಿಕೊಂಡೇ ಓಡಿದರೆ ಹಿಂದಕ್ಕೆ. ಎಡಕ್ಕೆ ಬಲಕ್ಕೆ ಹೊಯ್ದಾಡಿದರೆ ಸ್ಟ್ರಟ್ ಒಂದು ಮಿ.ಮೀ. ಇಳಿಸಿ ನೋಡಿ. ಏನು ಮಾಡಿದರೂ ಸರಿಹೋಗದಿದ್ದರೆ ಮತ್ತೆ ಸ್ಕೇಲ್ ತೆಗೆದುಕೊಂಡು ತಳದ ಹತ್ತಿರ ಬನ್ನಿ.

ನಡುನೀರಲ್ಲಿ ದೋಣಿ ನಿಂತರೆ ಈಜಿ ತರಲು ಹೋಗಬೇಡಿ. ನಮ್ಮ ಕೆರೆಗಳ ಹೂಳು, ಕಳೆ, ಹಳೆ ಗುಂಡಿಗಳು ಚೆನ್ನಾಗಿ ಈಜು ಬರುವವರನ್ನೂ ಬಿಟ್ಟಿಲ್ಲ. ಗಾಳಕೋಲಿನ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ, ದೋಣಿಯಾಚೆ ಎಸೆದು ನಿಧಾನಕ್ಕೆ ಎಳೆಯಿರಿ. ಅದಕ್ಕೂ ಸಿಗದಷ್ಟು ದೂರ ಇದ್ದರೆ ಗಾಳಿ ದಡಕ್ಕೆ ತರುವವರೆಗೆ ಕಾಯಿರಿ, ಅಥವಾ ತೆಪ್ಪ ಇರುವ ಮೀನುಗಾರರನ್ನು ಕೇಳಿಕೊಳ್ಳಿ. ಒಳಗೆ ಫೋಮ್ ಇದೆಯಲ್ಲ, ದೋಣಿ ಎಲ್ಲಿಗೂ ಹೋಗುವುದಿಲ್ಲ.

ಮನೆಗೆ ಬಂದ ತಕ್ಷಣ ಹ್ಯಾಚ್ ತೆರೆದು ಒಳಗಿನ ನೀರು ಒರೆಸಿ. ಕೇಬಲ್ ಹೊರಗೆ ಎಳೆದು, ಹಳೆ ಗ್ರೀಸ್ ಒರೆಸಿ, ಎಳೆ ಹರಿದಿದೆಯಾ ನೋಡಿ, ಹೊಸ ಗ್ರೀಸ್ ಹಚ್ಚಿ ಮತ್ತೆ ತೂರಿಸಿ. ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟ್ ಮಟ್ಟಕ್ಕೆ ತಂದು, ಬೆಂಕಿ ಹತ್ತುವ ಸಾಮಾನು ಪಕ್ಕದಲ್ಲಿಲ್ಲದ ಜಾಗದಲ್ಲಿ ಇಡಿ. ಹ್ಯಾಚನ್ನು ರಾತ್ರಿಯೆಲ್ಲ ತೆರೆದೇ ಬಿಡಿ, ಒಳಗೆ ಪೂರ್ತಿ ಒಣಗಲಿ.